ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ ಪರ್ಸುಯೇಶನ್ ರೋಲ್ (ಮನವೊಲಿಸಲು ಉರುಳಿಸುವ ದಾಳ) ಜಾಸ್ತಿ ಬಿದ್ದರೆ ಎನ್‌ಪಿಸಿ (ಆಟ ನಡೆಸುವವರು ಆಡಿಸುವ ಪಾತ್ರ) ಒಪ್ಪಲೇಬೇಕಾ?

ಒಪ್ಪಲೇಬೇಕು ಅಂತೇನಿಲ್ಲ. ನಿಮ್ಮ ಗುಂಪಿನ ಬಾರ್ಡ್, ಅಂದರೆ ಹಾಡು-ಮಾತಿನಲ್ಲಿ ಪಳಗಿದ ಪಾತ್ರ ಆಡುವವನು, ಪ್ರತಿ ಸಲ ದಾಳ ಉರುಳಿಸಿ ಕಾವಲುಗಾರ, ಸಾಹುಕಾರ, ರಾಜ ಎಲ್ಲರನ್ನೂ ಒಪ್ಪಿಸಿಬಿಡುತ್ತಾನೆ, ಮಾತು ಕಡಿಮೆ ಇರುವವರು ಸುಮ್ನೆ ಕೂತಿರುತ್ತಾರೆ ಎಂದು ಬರೆದಿದ್ದೀರಿ. ನಾನು ಕಲಬುರಗಿಯಲ್ಲಿ ಗೆಳೆಯರಿಗೆ ಈ ಆಟ ಆಡಿಸುತ್ತೇನೆ; ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡಿ ದಾಳ ಉರುಳಿಸುತ್ತಾರೆ. ಮೊದಮೊದಲು ನಮ್ಮಲ್ಲೂ ಇದೇ ಗೋಳು.

ಈಗ ದಾಳ ಮುಟ್ಟುವ ಮುಂಚೆ ಒಂದನ್ನು ನೋಡುತ್ತೇನೆ: ‘ಹೂಂ’ ಅಂದರೆ ಈ ಮನುಷ್ಯ ಏನು ಕಳೆದುಕೊಳ್ಳುತ್ತಾನೆ? ಆಟ ನಡೆಸುವವರಿಗಾಗಿ ಇರುವ ನಿಯಮದ ಪುಸ್ತಕ, 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲೇ ಇದಕ್ಕೆ ದಾರಿ ಇದೆ, ಬಹಳ ಜನ ಆ ಪುಟ ಓದುವುದೇ ಇಲ್ಲ. ಎನ್‌ಪಿಸಿ ಸ್ನೇಹದಿಂದ ಇದ್ದಾನಾ, ತನಗೆ ಸಂಬಂಧವಿಲ್ಲ ಅಂತಿದ್ದಾನಾ, ಹಗೆ ಇಟ್ಟುಕೊಂಡಿದ್ದಾನಾ ಎಂದು ಮೊದಲು ಗೊತ್ತು ಮಾಡಿಕೊಳ್ಳಬೇಕು. ದಾಳದ ಅಂಕಿಗೆ ಪಾತ್ರದ ಬೋನಸ್ ಕೂಡಿಸಿದ ಮೊತ್ತ 10 ಆದರೆ ಸ್ನೇಹಿತ ಸಣ್ಣ ಅಪಾಯಕ್ಕೆ ಒಪ್ಪುತ್ತಾನೆ, ದೊಡ್ಡ ಅಪಾಯಕ್ಕೆ 20 ಬೇಕು. ಹಗೆಯವನು ಮೊತ್ತ 20 ಆದರೂ ತನಗೆ ನಷ್ಟವಿಲ್ಲದ ಕೆಲಸ ಮಾತ್ರ ಮಾಡುತ್ತಾನೆ. ಇನ್ನೊಂದು ಮಾತು, ಇಪ್ಪತ್ತು ಮುಖದ ದಾಳದಲ್ಲೇ 20 ಬಂತು ಅಂದ ಮಾತ್ರಕ್ಕೆ ತಾನಾಗಿ ಗೆಲ್ಲುವ ನಿಯಮ ಇರುವುದು ಹೊಡೆತಕ್ಕೆ. ಮಾತುಕತೆಗೆ ಆ ನಿಯಮ ಇಲ್ಲ.

ನಮ್ಮ ಆಟದ್ದೇ ಹೇಳುತ್ತೇನೆ. ಕಥೆಯನ್ನು ಬೀದರ್ ಕೋಟೆಯಂಥ ಒಂದು ಊರಲ್ಲಿ ಇಟ್ಟಿದ್ದೆ. ಒಬ್ಬ ಬಿದ್ರಿ ಕುಶಲಕರ್ಮಿ, ಕಪ್ಪು ಲೋಹಕ್ಕೆ ಬೆಳ್ಳಿ ಕೂರಿಸುವವನು, ವಯಸ್ಸಾದವನು. ಸುಲ್ತಾನನ ಮುದ್ರೆಯ ನಕಲು ಒಂದೇ ರಾತ್ರಿಯಲ್ಲಿ ಮಾಡಿಕೊಡಬೇಕು ಎಂದು ಆಟಗಾರರು ಅವನನ್ನು ಕೇಳಿದರು. ಸಿಕ್ಕಿಬಿದ್ದರೆ ತಲೆ ಹೋಗುತ್ತದೆ, ಹಾಗಾಗಿ ಸ್ನೇಹ ಇದ್ದರೂ 20. ಬಾರ್ಡ್ ಚೆಂದವಾಗಿ ಹೊಗಳಿದ. ಮುದುಕ ನಕ್ಕು ಬೆಳ್ಳಿ ತಂತಿ ಬಡಿಯುತ್ತಾ ಕೂತ.

ನಮ್ಮಲ್ಲೊಬ್ಬಳು ಹೆಚ್ಚು ಮಾತಾಡುವವಳಲ್ಲ. ಅಂಗಡಿಯಲ್ಲಿ ಏನೇನಿದೆ ಎಂದು ನಾನು ವಿವರಿಸುವಾಗ ಮೂಲೆಯ ಮಣ್ಣಿನ ಬುಟ್ಟಿ ಹೆಚ್ಚುಕಡಿಮೆ ಖಾಲಿ ಅಂದಿದ್ದೆ. ಬಿದ್ರಿಗೆ ಆ ಕಪ್ಪು ಬರುವುದೇ ಕೋಟೆಯ ಹಳೇ ಮಣ್ಣಿನಿಂದ, ನವಸಾಗರದ ಜೊತೆ ನೀರಲ್ಲಿ ಕುದಿಸಬೇಕು. ಮಣ್ಣು ಸರಿ ಇದೆಯಾ ಎಂದು ನಾಲಿಗೆ ಮೇಲಿಟ್ಟು ನೋಡುವವರೂ ಇದ್ದಾರೆ. ಅವಳು ಮೆಲ್ಲಗೆ ಕೇಳಿದಳು: “ಕಾಕಾ, ಮಣ್ಣು ಮುಗಿಲಿಕ್ ಬಂದಾದಲ್ರೀ? ಕಾವಲಿನವ್ರು ಒಳಗ ಬಿಡವಲ್ರೇನು? ನಾವ್ ತಂದ್ ಕೊಡ್ತೀವಿ. ಮುದ್ರಿ ನೀವ್ ಮಾಡೋದ್ ಬ್ಯಾಡ, ಹ್ಯಾಂಗ್ ಮಾಡೋದು ನಮಗ ತೋರಿಸ್ರಿ ಸಾಕು.”

ಮೇಜಿನ ಸುತ್ತ ಎಲ್ಲರೂ ಸುಮ್ಮನಾದರು. ಅವನ ಅಪಾಯ ಅರ್ಧಕ್ಕರ್ಧ ಇಳಿಯಿತು, ಅವನಿಗೆ ಬೇಕಾದ್ದೂ ಸಿಕ್ಕಿತು. ನಾನು 20ನ್ನು 10ಕ್ಕೆ ಇಳಿಸಿದೆ. ಅವಳಿಗೆ ಬಿದ್ದದ್ದು 12. ಮುದುಕ ಆ 12ಕ್ಕೆ ಒಪ್ಪಿದ.

ಅದಕ್ಕೇ ಆಟಗಾರರು ಎಷ್ಟು ಚೆನ್ನಾಗಿ ಮಾತಾಡಿದರು ಎಂದು ನೋಡಬೇಡಿ, ಏನು ಕೊಡುತ್ತೇವೆ ಅಂದರು ನೋಡಿ. ನಾಚಿಕೆ ಇರುವವರು “ನನ್ನ ಪಾತ್ರ ಅವನಿಗೆ ಹೀಗೆ ಹೇಳುತ್ತದೆ” ಅಂದರೂ ಸಾಕು. ಕತ್ತಿ ಬೀಸಲು ಬರುವವನೇ ಫೈಟರ್ ಆಡಬೇಕು ಅಂತ ನಾವು ಕೇಳುವುದಿಲ್ಲ ಅಲ್ವಾ? ಹಾಗೆಯೇ ಬಾರ್ಡ್‌ನ ಬೋನಸ್ ಕಿತ್ತುಕೊಳ್ಳಬೇಡಿ, ಅದು ಅವನು ಬೇರೇನೋ ಬಿಟ್ಟು ಪಡೆದದ್ದು.

ಮುಂದಿನ ಆಟಕ್ಕೆ ನಿಮ್ಮ ಕಾವಲುಗಾರನಿಂದಲೇ ಶುರು ಮಾಡಿ. ಒಂದು ಚೀಟಿಯಲ್ಲಿ ಎರಡು ಸಾಲು ಬರೆದಿಡಿ: ಅವನಿಗೆ ಏನು ಬೇಕು, ಯಾರಿಗೆ ಹೆದರುತ್ತಾನೆ. ರೋಲ್ ಕಡಿಮೆ ಬಿದ್ದರೂ ಬರೀ ‘ಇಲ್ಲ’ ಅನ್ನಬೇಡಿ. “ಬಾಗಿಲು ತೆಗಿಯಾಂಗಿಲ್ರೀ, ಆದ್ರ ನಸುಕಿನಾಗ ನನ್ನ ಪಾಳಿ ಮುಗೀತದ” ಅನ್ನಿಸಿ.