ಎಲ್ಲರ ಪ್ರಶ್ನೆಗೂ ಉತ್ತರ ಕೊಟ್ಟವರ ಒಂದು ಪ್ರಕರಣ

(ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿ, ಸಲಹಾರ್ಥಿಯ ಒಪ್ಪಿಗೆ ಪಡೆದು ಬರೆಯಲಾಗಿದೆ.)

34 ವರ್ಷದ ಈ ಮಹಿಳೆ ನನ್ನ ಬಳಿಗೆ ಬಂದದ್ದು ರಾತ್ರಿ ನಿದ್ದೆ ಹತ್ತುತ್ತಿಲ್ಲವೆಂದು. ಪತಿ ತೀರಿಕೊಂಡು ಎರಡು ವರ್ಷಗಳಾಗಿದ್ದವು. ಪತಿಯ ಸ್ನೇಹಿತರೊಬ್ಬರು, ಅವರೂ ಪತ್ನಿಯನ್ನು ಕಳೆದುಕೊಂಡವರು, ಹಿರಿಯರ ಮೂಲಕ ಮದುವೆಯ ಪ್ರಸ್ತಾಪ ಕಳುಹಿಸಿದ್ದರು. ಅವರ ಮೇಲೆ ತಮಗೆ ಪ್ರೀತಿಯಿದೆ ಎಂದು ಸಲಹಾರ್ಥಿ ಮೊದಲ ಭೇಟಿಯಲ್ಲಿಯೇ ಹೇಳಿದರು. ಆದರೂ ಒಪ್ಪಿಗೆಯ ಮಾತು ಬಾಯಿಗೆ ಬರುತ್ತಿರಲಿಲ್ಲ.

ಕಾರಣ ಹುಡುಕುತ್ತ ಹೋದಾಗ ಮಾತು ಕಚೇರಿಯತ್ತ ತಿರುಗಿತು. ಅವರ ವಿಭಾಗದಲ್ಲಿ ಮುಸ್ಲಿಮರೆಂದರೆ ಅವರೊಬ್ಬರೇ. ರೋಜಾ (ರಂಜಾನಿನ ಉಪವಾಸ) ಇದ್ದಾಗ ನೀರೂ ಕುಡಿಯಬಾರದೇ, ಇದ್ದತ್ (ಪತಿ ತೀರಿಕೊಂಡ ಮೇಲೆ ಪತ್ನಿ ಮರುಮದುವೆಯಾಗದೆ ಕಾಯುವ ಅವಧಿ) ಎಂದರೆ ನಾಲ್ಕು ತಿಂಗಳು ಹತ್ತು ದಿನ ಕೂಡಿಹಾಕುವುದೇ, ಈಗ ಮರುಮದುವೆಗೆ ಮನೆಯವರು ಒತ್ತಾಯಿಸುತ್ತಿದ್ದಾರೆಯೇ ಎಂದು ಸಹೋದ್ಯೋಗಿಗಳು ಕೇಳುತ್ತಿದ್ದರು. ಕೇಳಿದವರಲ್ಲಿ ಹೆಚ್ಚಿನವರಿಗೆ ಕೆಟ್ಟ ಉದ್ದೇಶವಿರಲಿಲ್ಲ. ಇವರೂ ಬೇಸರಿಸದೆ ರೋಗಿಗಳಿಗೂ ಪ್ರಯಾಣಿಕರಿಗೂ ರೋಜಾದಿಂದ ವಿನಾಯಿತಿ ಇದೆಯೆಂದು, ಮಹರ್ (ಮದುವೆಯಲ್ಲಿ ವರ ವಧುವಿಗೆ ಕೊಡುವ ಧನ) ವಧುವಿನ ಸ್ವಂತ ಹಕ್ಕೆಂದು, ಪ್ರವಾದಿಯವರ ಮೊದಲ ಪತ್ನಿ ಖದೀಜಾ ಅವರೂ ವಿಧವೆಯಾಗಿದ್ದರೆಂದು ವಿವರಿಸುತ್ತಿದ್ದರು. ಎಲ್ಲವೂ ಸರಿಯಾದ ಉತ್ತರಗಳೇ. ಆದರೆ ಅವುಗಳಲ್ಲಿ ಒಂದೂ ಅವರ ಸ್ವಂತ ಉತ್ತರವಾಗಿರಲಿಲ್ಲ.

ಇದ್ದತ್ತಿನ ದಿನಗಳು ನಿಜಕ್ಕೂ ಹೇಗಿದ್ದವು ಎಂಬುದು ಮೂರನೆಯ ಭೇಟಿಯಲ್ಲಿ ಹೊರಬಂತು. "ಮೊದಲ ತಿಂಗಳು ಯಾರೂ ನನ್ನಿಂದ ಏನನ್ನೂ ಬಯಸದೆ ಸುಮ್ಮನೆ ಬಿಟ್ಟದ್ದು ನೆರಳು ಸಿಕ್ಕಂತಿತ್ತು ಮೇಡಂ. ಮೂರನೆಯ ತಿಂಗಳ ಹೊತ್ತಿಗೆ ಕಿಟಕಿಯ ಸರಳುಗಳನ್ನು ಎಣಿಸುತ್ತಿದ್ದೆ." ಮೊದಲನೆಯದನ್ನು ಕಚೇರಿಯಲ್ಲಿ ಹೇಳಿದರೆ ಇದ್ದತ್ತಿನ ಸಮರ್ಥನೆಯಾಗುತ್ತಿತ್ತು, ಎರಡನೆಯದನ್ನು ಹೇಳಿದರೆ ಅದರ ವಿರುದ್ಧ ಸಾಕ್ಷ್ಯವಾಗುತ್ತಿತ್ತು. ಈ ಮದುವೆಯ ವಿಷಯದಲ್ಲಿಯೂ ಹಾಗೆಯೇ ಆಗಿತ್ತು: ತಾವು ಹಿಂಜರಿದರೆ "ನೋಡಿ, ಒತ್ತಾಯ" ಎನ್ನುತ್ತಾರೆ, ಒಪ್ಪಿದರೆ "ಪಾಪ, ಬೇರೆ ದಾರಿಯಿರಲಿಲ್ಲ" ಎನ್ನುತ್ತಾರೆ ಎಂಬ ಲೆಕ್ಕಾಚಾರದ ನಡುವೆ ತಮಗೇನು ಬೇಕೆಂದು ಕೇಳಿಕೊಳ್ಳುವುದನ್ನೇ ಅವರು ಬಿಟ್ಟಿದ್ದರು.

ಇಲ್ಲಿ ನನ್ನದೊಂದು ತಪ್ಪನ್ನೂ ದಾಖಲಿಸಬೇಕು. ಎರಡನೆಯ ಭೇಟಿಯಲ್ಲಿ ನಾನು ಇದ್ದತ್ತಿನ ನಿಯಮಗಳ ಬಗ್ಗೆ ಕೇಳಿದ ಎರಡು ಪ್ರಶ್ನೆಗಳು ಅವರಿಗಾಗಿ ಕೇಳಿದವಲ್ಲ, ನನ್ನ ಕುತೂಹಲಕ್ಕಾಗಿ ಕೇಳಿದವು. ಅವರ ದನಿ ಥಟ್ಟನೆ ಪಾಠ ಹೇಳುವವರ ದನಿಯಾದಾಗ ಅದು ನನಗೆ ಹೊಳೆಯಿತು, ಕ್ಷಮೆ ಕೇಳಿದೆ. ಅವರು ಮೊದಲ ಬಾರಿ ನಕ್ಕದ್ದು ಆಗಲೇ.

ನಾನು ನೀಡಿದ ಸಲಹೆ ಹೆಚ್ಚೇನಲ್ಲ. ಉತ್ತರ ತಿಳಿಯಲೆಂದು ಕೇಳುವವರಿಗೂ ಉತ್ತರವನ್ನು ಮೊದಲೇ ಇಟ್ಟುಕೊಂಡು ಕೇಳುವವರಿಗೂ ವ್ಯತ್ಯಾಸ ಮಾಡಿ, ಎರಡನೆಯವರಿಗೆ "ಇದು ನನ್ನ ಸ್ವಂತ ವಿಷಯ" ಎಂದಷ್ಟೇ ಹೇಳಿ ಕೆಲಸಕ್ಕೆ ಮರಳಬಹುದು. ಒಂದು ಸಮುದಾಯದ ಪರವಾಗಿ ವಾದಿಸುವ ಹೊಣೆಯನ್ನು ಯಾರೂ ಅವರ ನೇಮಕಪತ್ರದಲ್ಲಿ ಬರೆದಿಲ್ಲ ಎಂದೆ. ಮನೆಯಲ್ಲಿ, ಯಾರಿಗೂ ತೋರಿಸದ ಪುಟದಲ್ಲಿ, ಅವೇ ಪ್ರಶ್ನೆಗಳಿಗೆ ತಮ್ಮ ಉತ್ತರ ಬರೆಯಲು ಹೇಳಿದೆ.

ಹಾಗೆ ಬರೆಯುವಾಗಲೇ ನಿಜವಾದ ತೊಡಕು ಸಿಕ್ಕಿತು. ಪತಿ ಕೊನೆಯದಾಗಿ ಕಳುಹಿಸಿದ ಒಂಬತ್ತು ಸೆಕೆಂಡಿನ ಧ್ವನಿಸಂದೇಶ ಅವರ ಮೊಬೈಲಿನಲ್ಲಿತ್ತು: "ಬಾಗಿಲು ಹಾಕ್ಕೋಬೇಡ, ಐದು ನಿಮಿಷದಲ್ಲಿ ಬಂದೆ." ಹೊಸ ಮನೆಗೆ ಹೋದರೆ ಅದನ್ನು ಅಳಿಸಬೇಕಾಗುತ್ತದೆಯೇ ಎಂಬುದೊಂದೇ ಅವರ ಭಯ. ಅಲ್ಲಾಹನ ಕಾರುಣ್ಯದ ಬಗ್ಗೆ ನಿರಾಶರಾಗಬೇಡಿ ಎಂಬ ಕುರ್‌ಆನಿನ ವಚನವನ್ನು (39:53) ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದ ಅವರಿಗೆ, ಹೊಸದೊಂದನ್ನು ಆಶಿಸುವುದು ಹಳೆಯದಕ್ಕೆ ಮಾಡುವ ದ್ರೋಹದಂತೆ ಕಂಡಿತ್ತು. ಈ ಪ್ರಶ್ನೆಯನ್ನು ನನ್ನಲ್ಲಿ ಕೇಳುವುದಕ್ಕಿಂತ ಆ ವ್ಯಕ್ತಿಯಲ್ಲಿಯೇ ಕೇಳಿ ಎಂದೆ.

ಹಿರಿಯರು ಪಕ್ಕದ ಕೋಣೆಯಲ್ಲಿದ್ದಾಗ ಅವರು ಕೇಳಿದರಂತೆ. ಆತ ಸಂದೇಶವನ್ನು ಕೇಳಿಸುವಂತೆ ಕೋರಿ, ಗೆಳೆಯನ ದನಿ ಕೇಳಿ ಬಹಳ ಹೊತ್ತು ಸುಮ್ಮನಿದ್ದು, ಅದರ ಒಂದು ಪ್ರತಿಯನ್ನು ತಮಗೂ ಕಳುಹಿಸಲು ಹೇಳಿದರಂತೆ.

ಇಸ್ಲಾಮಿನಲ್ಲಿ ಹಿಂದೆ ಮದುವೆಯಾಗಿದ್ದ ಹೆಣ್ಣಿನ ವಿಷಯದಲ್ಲಿ ಮೌನವನ್ನು ಒಪ್ಪಿಗೆ ಎಂದು ಭಾವಿಸುವಂತಿಲ್ಲ, ಆಕೆ ಬಾಯಿಬಿಟ್ಟು ಹೇಳಬೇಕು ಎಂದು ಕಡೆಯ ಭೇಟಿಯಲ್ಲಿ ಅವರಾಗಿಯೇ ತಿಳಿಸಿದರು, ನಾನು ಕೇಳಿರಲಿಲ್ಲ. ಆ ಮಾತನ್ನು ಅವರು ಇನ್ನೂ ಹೇಳಿಲ್ಲ. ರಂಜಾನ್ ಕಳೆಯಲಿ ಎಂದು ಕೇಳಿಕೊಂಡಿದ್ದಾರೆ, ಆತ ಕಾಯುತ್ತಿದ್ದಾರೆ. ನಿದ್ದೆ ಪರವಾಗಿಲ್ಲ. ಕಚೇರಿಯಲ್ಲಿ ಯಾರಿಗೂ ತಿಳಿಸಿಲ್ಲ.