ಮೂಳೆಯೇ ಇಲ್ಲದ ಶಾರ್ಕ್ ಅಷ್ಟು ಬಲವಾಗಿ ಕಚ್ಚುವುದು ಹೇಗೆ?

ಪ್ರಶ್ನೆ: ಶಾರ್ಕ್ ಮೈಯಲ್ಲಿ ಒಂದೂ ಮೂಳೆ ಇಲ್ಲ, ಇರುವುದೆಲ್ಲ ಮೃದ್ವಸ್ಥಿ ಎಂದು ಮಗಳ ವಿಜ್ಞಾನ ಪುಸ್ತಕದಲ್ಲಿ ಓದಿದೆ. ನಮ್ಮ ಕಿವಿಯಲ್ಲಿ, ಮೂಗಿನ ತುದಿಯಲ್ಲಿ ಇರುವುದೂ ಅದೇ ಅಲ್ವಾ? ಬೆರಳಲ್ಲಿ ಒತ್ತಿದರೆ ಬಾಗುತ್ತದೆ. ಅಂಥದ್ದರಿಂದ ಅಷ್ಟು ಗಟ್ಟಿ ದವಡೆ ಆಗುವುದು ಹೇಗೆ? ಇನ್ನೊಂದು ಅನುಮಾನ: ಮೂಳೆ ಇಲ್ಲ ಅಂದ ಮೇಲೆ ಮಜ್ಜೆಯೂ ಇಲ್ಲ. ಹಾಗಾದರೆ ರಕ್ತ ಎಲ್ಲಿ ತಯಾರಾಗುತ್ತದೆ?

ಉತ್ತರ: ಕಿವಿಯಲ್ಲಿರುವುದೂ ಮೃದ್ವಸ್ಥಿ, ಶಾರ್ಕ್ ದವಡೆಯಲ್ಲಿರುವುದೂ ಮೃದ್ವಸ್ಥಿ, ನಿಜ. ಆದರೆ ದವಡೆಯದು ಬರೀ ಮೃದ್ವಸ್ಥಿಯಲ್ಲ. ಅದರ ಒಂದು ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಒಳಗೆ ಮೆತ್ತನೆಯ ತಿರುಳು. ಹೊರಮೈ ತುಂಬ ಸುಣ್ಣಗಟ್ಟಿದ ಪುಟ್ಟ ಪುಟ್ಟ ಬಿಲ್ಲೆಗಳು, ನೆಲಕ್ಕೆ ಟೈಲ್ಸ್ ಕೂರಿಸಿದ ಹಾಗೆ ಒತ್ತೊತ್ತಾಗಿ. ಇವುಗಳಿಗೆ ಟೆಸೆರಾ ಎನ್ನುತ್ತಾರೆ. ಒಂದೊಂದೂ ಸಾಮಾನ್ಯವಾಗಿ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಬಿಲ್ಲೆ ಬಿಲ್ಲೆಯ ನಡುವಿನ ಸಂದಿಯಲ್ಲಿ ಕೊಲಾಜೆನ್ ನಾರು. ಒತ್ತಡ ಬಿದ್ದಾಗ ಬಿಲ್ಲೆಗಳು ಒಂದಕ್ಕೊಂದು ತಾಗಿ ಬಿಗಿಯಾಗಿ ನಿಲ್ಲುತ್ತವೆ. ಎಳೆದಾಗ ನಾರು ಕೊಂಚ ಹಿಗ್ಗುತ್ತದೆ. ಹಾಗಾಗಿ ಗಟ್ಟಿಯೂ ಹೌದು, ಸ್ವಲ್ಪ ಬಾಗುವುದೂ ಹೌದು. ಬಿಲ್ಲೆಯಲ್ಲಿರುವುದು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಖನಿಜ. ನಮ್ಮ ಮೂಳೆಯನ್ನು ಗಟ್ಟಿ ಮಾಡುವುದೂ ಅದೇ ಬಗೆಯದು.

ದೊಡ್ಡ ಬಿಳಿ ಶಾರ್ಕ್‌ನ ದವಡೆಯಲ್ಲಿ ಇಂಥ ಪದರ ಒಂದಲ್ಲ, ಒಂದರ ಮೇಲೊಂದು ಹಲವು. ಶಾರ್ಕ್‌ನ ಸಂಬಂಧಿಯಾದ ತೊರಕೆ ಮೀನುಗಳಲ್ಲಿ ಕೆಲವು ಚಿಪ್ಪು ಒಡೆದು ತಿನ್ನುತ್ತವೆ. ಅವುಗಳ ದವಡೆಯೊಳಗೆ ಸುಣ್ಣಗಟ್ಟಿದ ಅಡ್ಡಕಂಬಗಳೂ ಇರುತ್ತವೆ. ನನ್ನನ್ನು ಕೇಳಿದರೆ, ಶಾರ್ಕ್‌ನ ಕಚ್ಚುವಿಕೆಗಿಂತ ಇದೇ ಹೆಚ್ಚು ಸೋಜಿಗ.

ಕಚ್ಚುವ ರೀತಿಯೂ ನಮ್ಮಂತಲ್ಲ. ನಮ್ಮ ಮೇಲ್ದವಡೆ ತಲೆಬುರುಡೆಗೆ ಬೆಸೆದುಕೊಂಡಿದೆ. ಶಾರ್ಕ್‌ನದು ಅಸ್ಥಿರಜ್ಜುಗಳ ಆಸರೆಯಲ್ಲಿ ಸಡಿಲವಾಗಿ ನೇತಾಡುತ್ತದೆ. ಬಾಯಿ ಹಾಕುವಾಗ ದವಡೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ಕೊಯ್ಯುವ ಕೆಲಸವಂತೂ ಹಲ್ಲಿನದು, ಅದು ಮೃದ್ವಸ್ಥಿಯಲ್ಲ. ಸತ್ತ ಶಾರ್ಕ್‌ನ ಅಸ್ಥಿಪಂಜರ ಬೇಗ ಕೊಳೆತುಹೋದರೂ ಹಲ್ಲು ಕೋಟ್ಯಂತರ ವರ್ಷ ಉಳಿಯುವುದು ಅದಕ್ಕೇ. ಮೆಗಲೊಡಾನ್ ಎಂಬ, ಈಗ ಅಳಿದುಹೋಗಿರುವ ದೈತ್ಯ ಶಾರ್ಕ್ ಬಗ್ಗೆ ನಮಗೆ ಗೊತ್ತಿರುವುದು ಬಹುಪಾಲು ಹಲ್ಲು ಮತ್ತು ಕೆಲವು ಬೆನ್ನುಕಂಬದ ಮಣಿಗಳಿಂದ ಮಾತ್ರ.

ಮೃದ್ವಸ್ಥಿಯಿಂದ ಲಾಭವೇನು? ಅದು ಮೂಳೆಗಿಂತ ತುಂಬಾ ಹಗುರ. ಹೆಚ್ಚಿನ ಮೀನುಗಳಿಗೆ ತೇಲಲು ಹೊಟ್ಟೆಯಲ್ಲಿ ಗಾಳಿಚೀಲ ಇರುತ್ತದೆ, ಶಾರ್ಕ್‌ಗೆ ಇಲ್ಲ. ಎಣ್ಣೆ ತುಂಬಿದ ದೊಡ್ಡ ಯಕೃತ್ತು ಮತ್ತು ಹಗುರ ಅಸ್ಥಿಪಂಜರ, ಇವೆರಡೂ ಅದು ಮುಳುಗದಂತೆ ನೆರವಾಗುತ್ತವೆ. ನೀರಿನಿಂದ ಹೊರಗೆ ಬಂದರೆ ಕಥೆ ಬೇರೆ. ಎದೆಗೂಡು ಇಲ್ಲದ್ದರಿಂದ ದೊಡ್ಡ ಶಾರ್ಕ್‌ನ ಒಳಾಂಗಗಳು ಅದರದ್ದೇ ಭಾರಕ್ಕೆ ಜಜ್ಜಿಹೋಗಬಹುದು.

ಹಾಗಂತ ಶಾರ್ಕ್ ಅಂದರೆ ಮೂಳೆ ಹುಟ್ಟುವ ಮುಂಚಿನ ಹಳೆ ಮಾದರಿ ಎಂದುಕೊಳ್ಳಬೇಡಿ. ಮಂಗೋಲಿಯಾದಲ್ಲಿ ಸಿಕ್ಕ ಮಿಂಜಿನಿಯಾ ಎಂಬ ಸುಮಾರು 41 ಕೋಟಿ ವರ್ಷ ಹಳೆಯ ಮೀನಿನ ತಲೆಬುರುಡೆಯ ಒಳಗೆ ಮೂಳೆ ಇತ್ತು ಎಂದು 2020ರಲ್ಲಿ ವರದಿಯಾಯಿತು. ಈ ಮೀನು ಶಾರ್ಕ್‌ಗಳೂ ಮೂಳೆಮೀನುಗಳೂ ಕವಲೊಡೆಯುವ ಮುಂಚಿನ ಬಳಗದ್ದು. ಅಂದರೆ ಶಾರ್ಕ್‌ನ ಪೂರ್ವಜರಿಗೆ ಮೂಳೆ ಇದ್ದು, ಆಮೇಲೆ ಕಳೆದುಹೋಗಿರಬಹುದು.

ಇನ್ನು ರಕ್ತ. ಅದಕ್ಕೆ ಮಜ್ಜೆಯೇ ಬೇಕೆಂದೇನಿಲ್ಲ. ಶಾರ್ಕ್‌ನಲ್ಲಿ ಗುಲ್ಮ ಈ ಕೆಲಸ ಮಾಡುತ್ತದೆ. ಅದರ ಜೊತೆಗೆ ಅನ್ನನಾಳದ ಗೋಡೆಯಲ್ಲಿ ಲೇಡಿಗ್ ಅಂಗ, ಅಂಡಾಶಯ ಅಥವಾ ವೃಷಣಕ್ಕೆ ಅಂಟಿಕೊಂಡಂತೆ ಎಪಿಗೋನಲ್ ಅಂಗ ಇರುತ್ತವೆ. ಬಿಳಿ ರಕ್ತಕಣ ಹೆಚ್ಚಾಗಿ ತಯಾರಾಗುವುದು ಈ ಎರಡರಲ್ಲೇ. ಎಲ್ಲ ಜಾತಿಗೂ ಎರಡೂ ಇರುವುದಿಲ್ಲ, ಕೆಲವಕ್ಕೆ ಲೇಡಿಗ್ ಅಂಗವೇ ಇಲ್ಲ.