ಮೊದಲು ಬ್ಯಾಕಪ್, ಆಮೇಲೆ ಫೈರ್‌ವಾಲ್

ನಮಸ್ಕಾರ. ಅಮೆರಿಕದಲ್ಲಿರುವ ನಿಮ್ಮ ಸಣ್ಣ ಮಾರ್ಟ್‌ಗೇಜ್ (ಮನೆ ಸಾಲ) ಕಂಪನಿಯ ಬಜೆಟ್ ಕಡಿಮೆ, ಹೊಸ ಫೈರ್‌ವಾಲ್ (ಹೊರಗಿನವರು ನೆಟ್‌ವರ್ಕ್‌ಗೆ ನುಗ್ಗದಂತೆ ತಡೆಯುವ ವ್ಯವಸ್ಥೆ) ಮೊದಲಾ, ಬ್ಯಾಕಪ್ (ಮಾಹಿತಿಯ ಹೆಚ್ಚುವರಿ ಪ್ರತಿ) ಮೊದಲಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಬ್ಯಾಕಪ್.

2023ರ ಅಕ್ಟೋಬರ್ 31ರಂದು ಮಿಸ್ಟರ್ ಕೂಪರ್ ಎಂಬ ಅಮೆರಿಕದ ಮನೆ ಸಾಲದ ಕಂಪನಿ ಮೇಲೆ ಸೈಬರ್ ದಾಳಿ ಆದಾಗ ಸಿಸ್ಟಮ್‌ಗಳನ್ನೇ ಮುಚ್ಚಬೇಕಾಯಿತು. ಸಾಲಗಾರರಿಗೆ ಕೆಲವು ದಿನ ಆನ್‌ಲೈನ್‌ನಲ್ಲಿ ಕಂತು ಕಟ್ಟಲು ಆಗಲಿಲ್ಲ. ಸುಮಾರು 1.47 ಕೋಟಿ ಜನರ ಮಾಹಿತಿಯೂ ಕಳ್ಳರ ಕೈ ಸೇರಿತು.

ಹೀಗೆ ಸಿಸ್ಟಮ್ ನಿಂತಾಗ ಕೆಲಸ ಮತ್ತೆ ಶುರು ಮಾಡಲು ಬ್ಯಾಕಪ್ ಬೇಕು. ಅದರ ಒಂದು ಪ್ರತಿ ನೆಟ್‌ವರ್ಕ್‌ನಿಂದ ಪೂರ್ತಿ ಹೊರಗಿರಲಿ. ಅಡ್ಮಿನ್ ಪಾಸ್‌ವರ್ಡ್ ಕದ್ದವನಿಗೂ ಅದನ್ನು ಅಳಿಸಲು ಆಗಬಾರದು. ಸುಮ್ನೆ ಇಟ್ಟರೆ ಸಾಲದು, ಮೂರು ತಿಂಗಳಿಗೊಮ್ಮೆ ಒಂದಷ್ಟು ಸಾಲದ ಫೈಲ್‌ಗಳನ್ನು ಖಾಲಿ ಸರ್ವರ್‌ಗೆ ವಾಪಸ್ ತಂದು ನೋಡಿ. ಸಹಿ ಮಾಡಿದ ಪತ್ರ, ಕಂತಿನ ಲೆಕ್ಕ, ಎಸ್ಕ್ರೋ (ತೆರಿಗೆ, ವಿಮೆಗೆಂದು ಸಾಲಗಾರರಿಂದ ತೆಗೆದಿಟ್ಟ ಹಣ) ಬ್ಯಾಲೆನ್ಸ್ ಎಲ್ಲ ಸರಿಯಾಗಿ ತೆರೆಯುತ್ತಾ? ಎಷ್ಟು ಗಂಟೆ ಹಿಡಿಯಿತು? ಬರೆದಿಡಿ.

ಆದರೆ ಕಳುವಾದ ಮಾಹಿತಿಯನ್ನು ಬ್ಯಾಕಪ್ ವಾಪಸ್ ತರಲ್ಲ ಅಲ್ವಾ? ಅದಕ್ಕೇ ಕಾನೂನಿನ ಅವಧಿ ಮುಗಿದ ಹಳೆ ಅರ್ಜಿಗಳನ್ನು ಅಳಿಸಿಬಿಡಿ. ಲಾಗಿನ್‌ಗೆ ಎರಡನೇ ಹಂತದ ಪರಿಶೀಲನೆ ಎಲ್ಲರಿಗೂ ಕಡ್ಡಾಯ ಮಾಡಿ, ಮಾಲೀಕರಿಗೂ ಸೇರಿಸಿ.

ಇನ್ನೊಂದು ಕೆಲಸಕ್ಕೆ ದುಡ್ಡೇ ಬೇಡ. ಮನೆ ಕ್ಲೋಸಿಂಗ್ (ಮನೆ ಖರೀದಿ ಅಂತಿಮವಾಗುವ) ಹೊತ್ತಿಗೆ "ವೈರ್ ಖಾತೆ (ಹಣ ಕಳಿಸಬೇಕಾದ ಬ್ಯಾಂಕ್ ಖಾತೆ) ಬದಲಾಗಿದೆ" ಅಂತ ಇಮೇಲ್ ಬಂದರೆ, ಅದರಲ್ಲಿರುವ ನಂಬರ್‌ಗೆ ಫೋನ್ ಮಾಡಬೇಡಿ, ಅದು ಕಳ್ಳರದ್ದೇ ಇರಬಹುದು. ಮೊದಲಿಂದ ನಿಮ್ಮ ಬಳಿ ಇರುವ ನಂಬರ್‌ಗೇ ಮಾಡಿ ಕೇಳಿ.